ರಂಗಪ್ಪನ ತಟ್ಟೆಯ ಬೋಂಡ

ನಾಗಸಂದ್ರದ ಮೆಟ್ರೊ ಮೆಟ್ಟಿಲಿಳಿಯುತ್ತಿದ್ದಂತೆ ಬೋಂಡದ ಘಮ ಮೂಗಿಗೆ ಬಡಿಯಿತು ನೋಡಿ, ಮಧ್ಯಾಹ್ನ ಎರಡು ಮುದ್ದೆ ಮುರಿದಿದ್ದ ನನ್ನ ಬಾಯಲ್ಲಿ ನೀರೋ ನೀರು! ಗಡಿಯಾರ ನೋಡಿದೆ. ಸರಿಯಾಗಿ ನಾಲ್ಕು. ಪೀಣ್ಯದ ಕಾರ್ಖಾನೆಯಿಂದ ನಿವೃತ್ತನಾಗಿ ಮೂರು ವರ್ಷವಾಯಿತು. ನನ್ನ ಮೆದುಳು ಮಾತ್ರ ಇನ್ನೂ ಅಲ್ಲೇ ಡ್ಯೂಟಿಯಲ್ಲಿದೆ.

ಅಲ್ಲಿ ನಾಲ್ಕಕ್ಕೆ ಸೈರನ್ ಕೂಗಿದರೆ ಕ್ಯಾಂಟೀನಿನ ಗಾಡಿ ಮೆಷಿನ್ನುಗಳ ನಡುವೆಯೇ ಬರುತ್ತಿತ್ತು. ತಲೆಗೆ ಎರಡು ಬೋಂಡ, ಒಂದು ಲೋಟ ಟೀ. ಪಕ್ಕದ ಲೇತ್ ಮೆಷಿನ್ನಿನಲ್ಲಿ ರಂಗಪ್ಪ. ಲಗ್ಗೆರೆಯಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅಲ್ಲೇ ಹುಟ್ಟಿದವನು, ಭಾರೀ ದಪ್ಪ. ನಮಗೆ ಬೇಡವಾದ ಬೋಂಡಗಳನ್ನು ಅವನ ತಟ್ಟೆಗೆ ಹಾಕಿ, ಅವನು ತಿಂದಂತೆಲ್ಲ ಚಪ್ಪಾಳೆ ತಟ್ಟುವುದು ನಮ್ಮ ಪದ್ಧತಿ. ಅದನ್ನು ಶುರುಮಾಡಿದ ಪುಣ್ಯಾತ್ಮ ನಾನೇ. “ಗೋಡೌನ್ ತುಂಬ್ತಾ ಗುರು?” ಎಂದು ಕೇಳುತ್ತಿದ್ದವನೂ ನಾನೇ.

ಒಂದು ದಿನ ಏಳನೆಯ ಬೋಂಡ ಹಿಡಿದು ರಂಗಪ್ಪ ಹೇಳಿದ: “ಒಟ್ಟೆ ತುಂಬೈತೆ ಕಣೋ. ತಲೆ ಸಾಕು ಅನ್ನಾಕಿಲ್ವಲ್ಲ, ಏನ್ ಮಾಡ್ಲಿ?”

ನಾವು ಬಿದ್ದು ಬಿದ್ದು ನಕ್ಕೆವು. ಮರುದಿನದಿಂದ ಅವನು ಲೋಟ ಹಿಡಿದು ಸ್ಟೋರಿನ ಹಿಂದೆ ಒಬ್ಬನೇ ಕೂರತೊಡಗಿದ. ನಾನು ನೋಡಿಯೂ ನೋಡದಂತಿದ್ದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಈಗ ನನ್ನ ಹೊಟ್ಟೆಯೂ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಇವತ್ತು ಮೆಟ್ರೊ ಹತ್ತುವ ಮುಂಚೆ ಡಾಕ್ಟರಮ್ಮನಲ್ಲಿಗೆ ಹೋಗಿ, ನನ್ನ ನಾಲಿಗೆಯೇ ಸರಿಯಿಲ್ಲ ಮೇಡಂ ಎಂದು ತಪ್ಪೊಪ್ಪಿಕೊಂಡೆ. ಆಕೆ ನಕ್ಕರು.

“ಬರೀ ನಾಲಿಗೆ ಚಪಲ ಅಲ್ಲ ಸಾರ್. ಹೊಟ್ಟೆ ಸಾಕು ಅಂದ್ರೂ ಕೆಲವ್ರ ಮೆದುಳಿಗೆ ಅದು ಸರಿಯಾಗಿ ಮುಟ್ಟಲ್ಲ. ಹುಟ್ಟಿನಿಂದ ಬಂದಿರ್ಬೋದು. ಶಿಫ್ಟ್ ಬದಲಾಗಿ ನಿದ್ದೆ ಕೆಟ್ರೆ ಹಸಿವು ಇನ್ನೂ ಜಾಸ್ತಿ. ಎಣ್ಣೆ ತಿಂಡಿ ವಾಸನೆ ಬಂದ್ರಂತೂ ಮೆದುಳು ಬೇಕು ಬೇಕು ಅನ್ನತ್ತೆ.”

ಕುರ್ಚಿಯಿಂದ ಎಗರಿಬಿಟ್ಟೆ! ಇದನ್ನೇ ಅಲ್ಲವೇ ನಮ್ಮ ರಂಗಪ್ಪ ಯಾವ ಡಿಗ್ರಿಯೂ ಇಲ್ಲದೆ, ಕೈಯಲ್ಲಿ ಬೋಂಡ ಹಿಡಿದು ಹೇಳಿದ್ದು? ಮೆಟ್ರೊದಲ್ಲಿ ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬೋಂಡದ ಅಂಗಡಿಯ ಮುಂದೆಯೇ ನಿಂತು ಅವನಿಗೆ ಫೋನು ಮಾಡಿದೆ. “ರಂಗಪ್ಪಾ, ನೀನ್ ಅವತ್ತು ಹೇಳಿದ್ದು ನಿಜ ಕಣೋ! ತಲೇದೇ ಕೆಲಸ ಅಂತೆ! ನಾನೇ ನಿನ್ನ ಆಡ್ಕೊಂಡ್ಬಿಟ್ಟೆ. ತಪ್ಪಾಯ್ತು.”

“ಎಲ್ಲಿದ್ದೀಯ?” ಎಂದ ರಂಗಪ್ಪ.

“ನಾಗಸಂದ್ರ. ಬೋಂಡದಂಗಡಿ ಮುಂದೆ.”

“ಅಲ್ಲೇ ಇರು, ಬತ್ತೀನಿ. ನನ್ ತಟ್ಟೆಗೆ ಎಷ್ಟು ಅಂತ ಈ ಸಲ ನಾನೇ ಯೋಳ್ತೀನಿ.”

ಎರಡು ಖಾಲಿ ತಟ್ಟೆ ಇಸಿದುಕೊಂಡು ನಿಂತೆ. ಬಾಣಲೆಯ ಮುಂದೆ ನಾನು ಬೋಂಡಕ್ಕಲ್ಲದೆ ಒಬ್ಬ ಮನುಷ್ಯನಿಗಾಗಿ ಕಾದದ್ದು ಅದೇ ಮೊದಲು.