ಶನಿಗೊಂದು ಕ್ಯಾಮೆರಾ

ನಮ್ಮ ಪಿಕಪ್ ಮಗುಚಿದ್ದು ಒಂದು ಶನಿವಾರ, ಸುಳ್ಯದಿಂದ ನೆಲ್ಯಾಡಿಗೆ ಹಿಂದಿರುಗುವಾಗ. ಗಂಡ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತಿದ್ದೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ಬೆಳಗಿನ ಜಾವದ ಮಳೆಗೆ ತಿರುವಿನಲ್ಲಿ ಗುಡ್ಡದ ಮಣ್ಣು ರಸ್ತೆಗೆ ಇಳಿದಿತ್ತು. ಹಿಂದಿನ ಎಡಗಡೆಯ ಟಯರು ಸವೆದು ನುಣ್ಣಗಾಗಿತ್ತು. ಹೊರಡುವಾಗಲೇ ಅದನ್ನು ನೋಡಿದ್ದೆವು. ಗಾಡಿ ಜಾರಿತು, ಚರಂಡಿಗೆ ಇಳಿದು ಮಗ್ಗುಲಿಗೆ ಬಿತ್ತು. ಗಂಡನ ಮೊಣಕಾಲು ಮುರಿಯಿತು. ನನಗೆ ಗಾಯವಿರಲಿಲ್ಲ. ಕೈ ಮಾತ್ರ ಅಂದಿನಿಂದ ನಡುಗುತ್ತದೆ.

ಮನೆಯವರ ಲೆಕ್ಕ ಬೇರೆಯಿತ್ತು. ಅದರ ಹಿಂದಿನ ಸಂಜೆ ನಾನು ಅಂಗಳದಲ್ಲಿ ದೂರದರ್ಶಕ ಇಟ್ಟು ಎಲ್ಲರಿಗೂ ಶನಿಗ್ರಹ ತೋರಿಸಿದ್ದೆ. ಅತ್ತೆ ಮಾತ್ರ ಹತ್ತಿರ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ತಮ್ಮ, ನನಗೆ ವರಸೆಯಲ್ಲಿ ಮಾವ, ಎಲ್ಲರೆದುರು ಕೇಳಿದರು: "ಶನಿಯ ದೃಷ್ಟಿ ಬೀಳ್ಬಾರ್ದು ಅಂತ ಜನ ಎಳ್ಳೆಣ್ಣೆ ಸುಡುದು. ನೀನು ಹೋಗಿ ಅವನ ಕಣ್ಣಿಗೆ ಕಣ್ಣು ಕೊಟ್ಟದ್ದಾ?"

"ಟಯರು ಸವೆದಿತ್ತು ಮಾವ," ಎಂದೆ.

"ಟಯರು ಸವೆದದ್ದು ಯಾಕೆ?"

ಗಂಡನ ಪ್ಲಾಸ್ಟರ್ ಬಿಚ್ಚಿದ ಮೇಲೆ ಮನೆಯಲ್ಲಿ ಶನಿಪೂಜೆ ಎಂದಾಯಿತು. ಅಂದೇ ದೂರದರ್ಶಕ ಮನೆಯಿಂದ ಹೊರಗೆ ಹೋಗಬೇಕು, ತಾನೇ ಕಾರಿನಲ್ಲಿ ಕಾಣಿಯೂರಿನ ಯಾರಿಗೋ ಕೊಟ್ಟುಬಿಡುತ್ತೇನೆ ಎಂದು ಮಾವ ತೀರ್ಮಾನಿಸಿದರು. ಆ ವಾರವೇ ನಾನು ದೂರದರ್ಶಕಕ್ಕೆ ಕ್ಯಾಮೆರಾ ಹುಡುಕಲು ಹೊರಟೆ.

ಹಟ ಮಾತ್ರವಲ್ಲ, ಕಾರಣವೂ ಇತ್ತು. ಕಾಲು ಚಾಚಿ ಕುರ್ಚಿಯಲ್ಲಿ ಕುಳಿತ ಗಂಡ ಬಗ್ಗಿ ಮಸೂರಕ್ಕೆ ಕಣ್ಣಿಡುವಂತಿರಲಿಲ್ಲ. ನನ್ನ ಕೈ ತಾಗಿದರೆ ದೂರದರ್ಶಕದ ಕೊಳವೆಯೇ ಅಲುಗುತ್ತಿತ್ತು. ಚಿತ್ರ ಲ್ಯಾಪ್‌ಟಾಪಿಗೆ ಬಂದರೆ ಇಬ್ಬರೂ ನೋಡಬಹುದು.

ಪುತ್ತೂರಿನ ಅಂಗಡಿಯವರು ದೊಡ್ಡ ಕ್ಯಾಮೆರಾವೊಂದನ್ನು ಮುಂದಿಟ್ಟರು. "ಇದು ತಗೊಳ್ಳಿ ಮೇಡಂ, ಮದುವೆ, ಗೃಹಪ್ರವೇಶ ಎಲ್ಲದಕ್ಕೂ ಆಗ್ತದೆ. ಬರೀ ಶನಿಗೆ ಯಾರಾದ್ರೂ ಕ್ಯಾಮೆರಾ ತಗೊಳ್ತಾರಾ?"

"ನಾನು ತಗೊಳ್ತೇನೆ," ಎಂದೆ.

ಅದು ಒಳ್ಳೆಯ ಕ್ಯಾಮೆರಾವೇ. ಆದರೆ ಅದರ ಭಾರಕ್ಕೆ ನನ್ನ ಕೊಳವೆ ವಾಲುತ್ತಿತ್ತು. ಅದರ ಅಗಲವಾದ ಚಿತ್ರದಲ್ಲಿ ಶನಿ ಒಂದು ಎಳ್ಳಿನಷ್ಟಿದ್ದು ಉಳಿದದ್ದೆಲ್ಲ ಬರಿಯ ಕಪ್ಪು. ಗ್ರಹಕ್ಕೆ ಬೇಕಾದದ್ದು ಅಗಲವಲ್ಲ, ವೇಗ. ನಮ್ಮ ಮೇಲಿನ ಗಾಳಿ ಸದಾ ಅದುರುತ್ತಿರುತ್ತದೆ. ಒಂದೇ ಫೋಟೊ ತೆಗೆದರೆ ಆ ಅದುರುವಿಕೆಯೂ ಅದರಲ್ಲಿ ಸೇರುತ್ತದೆ. ಗ್ರಹಗಳಿಗೆಂದೇ ಮಾಡಿದ, ಹೆಬ್ಬೆರಳಿನಷ್ಟು ದಪ್ಪದ ಕ್ಯಾಮೆರಾ ಸಾವಿರಾರು ಚಿತ್ರಗಳನ್ನು ವಿಡಿಯೊದಂತೆ ಸರಸರನೆ ಹಿಡಿಯುತ್ತದೆ. ಅವುಗಳಲ್ಲಿ ಗಾಳಿ ಸುಮ್ಮನಿದ್ದ ಗಳಿಗೆಯವನ್ನು ಆರಿಸಿ ಒಂದರ ಮೇಲೊಂದು ಕೂಡಿಸಬೇಕು. ಇದನ್ನು ಓದಿದ ದಿನ ನನಗೆ ಧೈರ್ಯ ಬಂತು. ನಡುಕ ನಿಲ್ಲುವವರೆಗೆ ಕಾಯಬೇಕಾಗಿಲ್ಲ.

ಕಪ್ಪುಬಿಳುಪಿನದೋ ಬಣ್ಣದ್ದೋ ಎಂಬುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಕಪ್ಪುಬಿಳುಪಿನದು ಹೆಚ್ಚು ಸೂಕ್ಷ್ಮ. ಆದರೆ ಬಣ್ಣ ಬೇಕಾದರೆ ಅದಕ್ಕೆ ಒಂದೊಂದಾಗಿ ಮೂರು ಬಣ್ಣದ ಗಾಜು ತಿರುಗಿಸಿ ಹಾಕಬೇಕು. ನನ್ನ ಕೈಯಲ್ಲಿ ಅದು ಆಗುವ ಕೆಲಸವಲ್ಲ. ಬಣ್ಣದ್ದನ್ನೇ ತರಿಸಿದೆ. ಈ ವರ್ಷ ಶನಿಯ ಉಂಗುರ ನಮಗೆ ಅಂಚಿನಿಂದ ಕಾಣುತ್ತದೆ, ಒಂದು ಗೆರೆಯಷ್ಟೇ. ಆದ್ದರಿಂದ ಬಿಂಬವನ್ನು ಎರಡರಷ್ಟು ಹಿಗ್ಗಿಸುವ ಮಸೂರವೂ ಬೇಕಾಯಿತು.

ಮೊದಲ ಸಂಜೆ ಪರದೆಯ ಮೇಲೆ ಶನಿ ಕುದಿಯುವ ಗಂಜಿಯ ಅಗುಳಿನಂತೆ ಕುಣಿಯಿತು. ಗೆರೆ ಕಾಣಲೇ ಇಲ್ಲ. ಗಂಡನನ್ನು ನೋಡಲು ಬಂದಿದ್ದ ಮಾವ ಹೆಗಲ ಮೇಲಿಂದ ಇಣುಕಿ, "ನೋಡು, ಅವನಿಗೇ ಫೋಟೊ ಬೇಡ," ಎಂದು ನಕ್ಕರು.

ಆ ನಗು ನನಗೆ ತಾಗಿತು. ಕ್ಯಾಮೆರಾ ಹಿಂದಕ್ಕೆ ಕಳುಹಿಸೋಣವೆಂದೂ ಅನ್ನಿಸಿತು. ಮರುದಿನ ಕೇಬಲ್ ಬದಲಿಸಿದೆ, ಹಿಗ್ಗಿಸುವ ಮಸೂರ ತೆಗೆದೆ, ಕುಣಿತ ನಿಲ್ಲಲಿಲ್ಲ. ಕೊನೆಗೆ ಕೊಳವೆ ಯಾವ ಕಡೆಗೆ ತಿರುಗಿದೆಯೆಂದು ಬರಿಗಣ್ಣಿನಿಂದ ನೋಡಿದೆ. ಶನಿಯ ನೇರ ಕೆಳಗೆ ರಬ್ಬರ್ ಶೀಟು ಒಣಗಿಸುವ ನಮ್ಮ ಹೊಗೆಮನೆಯ ಮಾಡು. ಒಳಗೆ ಬೆಂಕಿ ಉರಿಯುತ್ತಿತ್ತು, ಬಿಸಿ ಮೇಲೆದ್ದು ಗಾಳಿಯನ್ನು ಅದುರಿಸುತ್ತಿತ್ತು. ರಬ್ಬರ್ ತೋಟದವರ ಮನೆಯಲ್ಲಿ ಮರ ಕಡಿದು ಆಕಾಶ ತೆರೆದಿರುವುದೇ ಹೊಗೆಮನೆಯ ಸುತ್ತ. ನಾನು ಹೋಗಿ ದೂರದರ್ಶಕವನ್ನು ಅಲ್ಲೇ ಇಟ್ಟಿದ್ದೆ. ಶನಿ ಏನನ್ನೂ ಬೇಡವೆಂದಿರಲಿಲ್ಲ. ಎಲ್ಲವನ್ನೂ ದನದ ಹಟ್ಟಿಯ ಆಚೆಗಿನ ಹುಲ್ಲಿಗೆ ಸಾಗಿಸಿದೆ. ಅಲ್ಲಿ ಕುಣಿತ ಇಳಿಯಿತು.

ಪೂಜೆಯ ಸಂಜೆ ನಾನು ಎಳ್ಳೆಣ್ಣೆಯ ದೀಪ ಹಚ್ಚಿದೆ, ಪ್ರಸಾದ ಹಂಚಿದೆ. ಅತ್ತೆಯ ಹೆದರಿಕೆ ಸುಳ್ಳಲ್ಲ. ಮಗನನ್ನು ಸ್ಟ್ರೆಚರಿನಲ್ಲಿ ತಂದದ್ದನ್ನು ಅವರು ನೋಡಿದ್ದಾರೆ. ಮಂಗಳಾರತಿ ಮುಗಿದದ್ದೇ ಹಟ್ಟಿಯ ಆಚೆಗೆ ಹೋಗಿ ಕ್ಯಾಮೆರಾ ಜೋಡಿಸಿದೆ. ಗಂಡ ಊರುಗೋಲು ಹಿಡಿದು ಬಂದು ಕುರ್ಚಿಯಲ್ಲಿ ಕುಳಿತರು. ಹಿಂದೆಯೇ ಮಾವ ಬಂದರು, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕಾರಿನ ಕೀ.

"ಬಿಚ್ಚು ಮಾರಾಯ್ತಿ. ಡಿಕ್ಕಿ ತೆರೆದಿಟ್ಟಿದ್ದೇನೆ."

"ಇದು ಎಲ್ಲಿಗೂ ಹೋಗುದಿಲ್ಲ ಮಾವ."

"ಪೂಜೆ ಮಾಡಿಸಿದ್ದು ಎಂತಕ್ಕೆ ಹಾಗಾದ್ರೆ?"

"ಪೂಜೆ ಅತ್ತೆಗೆ. ಹೊಸ ಟಯರು ಗಾಡಿಗೆ. ಇದು ನನಗೆ."

ಗಂಡ ತಲೆಯೆತ್ತದೆ, "ಮಾವ, ಸ್ವಲ್ಪ ಆಚೆ ನಿಲ್ಲಿ, ನಿಮ್ಮ ಟಾರ್ಚ್ ಬೆಳಕು ಸ್ಕ್ರೀನಿಗೆ ಬೀಳ್ತದೆ," ಎಂದರು.

ಅಷ್ಟರಲ್ಲಿ ಅತ್ತೆ ಪ್ರಸಾದದ ತಟ್ಟೆ ಹಿಡಿದು ಬಂದು ಹಟ್ಟಿಯ ಗೋಡೆಯ ಬಳಿ ನಿಂತರು. ಪರದೆಯನ್ನು ಬಹಳ ಹೊತ್ತು ನೋಡಿದರು.

"ಅಡ್ಡಕ್ಕೆ ಅದೆಂತ ಗೆರೆ?"

"ಉಂಗುರ, ಅತ್ತೆ."

ಅತ್ತೆ ತಮ್ಮನ ಕಡೆ ತಿರುಗಿ, "ನೀನು ಊಟ ಮಾಡಿ ಹೊರಡು," ಎಂದರು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಡಿಕ್ಕಿ ಮುಚ್ಚಿದ ಸದ್ದು ಕೇಳಿತು, ಜೋರಾಗಿಯೇ. ನಾನು ತಿರುಗಿ ನೋಡಲಿಲ್ಲ. ಶನಿ ಪರದೆಯ ಅಂಚಿಗೆ ಸರಿಯುತ್ತಿತ್ತು. ಕೊಳವೆಯನ್ನು ಮೆಲ್ಲನೆ ನೂಕಿ ಅದನ್ನು ಮತ್ತೆ ನಡುವಿಗೆ ತರಬೇಕಿತ್ತು.