ಅನುಮಾನ ಇರಲಿಲ್ಲ

ಎದುರು ಪಕ್ಷದ ವಕೀಲರು ತಮ್ಮ ಪೆನ್ನು ತೆಗೆದು ನನಗೆ ಕೊಡದಿದ್ದರೆ ನಾನು ಓದದೆಯೇ ಸಹಿ ಹಾಕಿಬಿಡುತ್ತಿದ್ದೆ.

ಮಹಾರಾಷ್ಟ್ರದ ಅಕ್ಕಲಕೋಟದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿ ಇರುವ ಮನೆ ಆಯಿಯದು. ನೆಂಟರಲ್ಲದಿದ್ದರೂ ಆ ಅಜ್ಜಿಯನ್ನು ಆಯಿ ಎಂದೂ ಅವರ ಹಿರಿಯ ಸೊಸೆಯನ್ನು ಕಾಕು ಎಂದೂ ಚಿಕ್ಕಂದಿನಿಂದ ಕರೆದವಳು ನಾನು. ಕಾಕುಗೆ ಗಂಡನಿಲ್ಲ, ಮಕ್ಕಳಿಲ್ಲ. ಮುಂದಿನ ಕೋಣೆಯಲ್ಲಿ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಾರುತ್ತ ಅತ್ತೆಯನ್ನು ನೋಡಿಕೊಂಡರು. ಆಯಿ ತಮ್ಮ ಹೆಸರಿನಲ್ಲಿದ್ದ ಆ ಮನೆಯನ್ನು ಸೊಸೆಗೆ ಬಿಟ್ಟು ಮೃತ್ಯುಪತ್ರ ಬರೆಸಿದಾಗ ಸಾಕ್ಷಿ ಹಾಕಿದವರು ಇಬ್ಬರು, ನಾನು ಮತ್ತು ಓಣಿಯ ಮಾಸ್ತರರು. ಆಯಿ ತೀರಿಕೊಂಡರು, ಹಿಂದೆಯೇ ಮಾಸ್ತರರೂ ಹೋದರು. ಆಗ ಸೋಲಾಪುರದಲ್ಲಿ ಅಂಗಡಿ ಇಟ್ಟಿರುವ ಕಿರಿಯ ಮಗ ದಾವೆ ಹಾಕಿದ. ಲಕ್ವಾ ಹೊಡೆದ ತಾಯಿಗೆ ಏನೂ ತಿಳಿಯುತ್ತಿರಲಿಲ್ಲ, ಕೈ ಹಿಡಿದು ಸಹಿ ಮಾಡಿಸಿದ್ದಾರೆ ಎಂದ. ಮೃತ್ಯುಪತ್ರ ಬಿದ್ದುಹೋದರೆ ಸೊಸೆಗೆ ಆ ಮನೆಯಲ್ಲಿ ಒಂದು ಮೂಲೆಯೂ ಬರುವುದಿಲ್ಲ ಎಂದು ನಮ್ಮ ವಕೀಲರು ಹೇಳಿದ್ದರು. ಉಳಿದಿದ್ದ ಸಾಕ್ಷಿ ನಾನೊಬ್ಬಳೇ.

"ಬಾಯಾರ, ಕನ್ನಡದಾಗ ಹೇಳ್ತೀರೇನ್ರಿ? ದುಭಾಷಿ ಬೇಕಂತ ಅರ್ಜಿ ಕೊಡೂಣು," ಎಂದರು ವಕೀಲರು. ನಾನು ಸೋಲಾಪುರದ ಸಾಲಿಯಲ್ಲಿ ಕಲಿಸುವವಳು.

"ಬ್ಯಾಡ್ರಿ. ಬಿ.ಎ. ಪೂರಾ ಮರಾಠಿಯೊಳಗ ಬರದೀನಿ."

"ಬರಿಯೂದು ಬ್ಯಾರೆ, ಮಾತಾಡೂದು ಬ್ಯಾರೆ," ಎಂದರು ಪಕ್ಕದಲ್ಲಿದ್ದ ಕಾಕು. "ನೀ ಅಂಜಿದಿ ಅಂದ್ರ ಸಾಲಿ ಹುಡುಗರಗತೆ ತೊದಲತಿ."

ಕಟಕಟೆಯಲ್ಲಿ ತೊದಲಲಿಲ್ಲ. ಆಯಿ ತಿಳಿದು ಸಹಿ ಮಾಡಿದರೇ ಎಂದು ನಮ್ಮ ವಕೀಲರು ಮರಾಠಿಯಲ್ಲಿ ಕೇಳಿದರು. ಅದರ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ನ್ಯಾಯಾಧೀಶರು ಹೇಳಿ ಬರೆಸಿದರು, ಟೈಪು ಟಕಟಕ ಎಂದಿತು. ನಮ್ಮ ವಕೀಲರು ಬಗ್ಗಿ ಯಾವುದೋ ಕಾಗದ ಹುಡುಕುತ್ತಿದ್ದರು.

ಎದುರಿನ ವಕೀಲರು ಎದ್ದು, ಪಾಟೀಸವಾಲು ಇಲ್ಲ ಎಂದರು. ವಾರವಿಡೀ ಅವರ ಪ್ರಶ್ನೆಗಳಿಗೆ ಹೆದರಿ ಸರಿಯಾಗಿ ಉಂಡಿರಲಿಲ್ಲ. ಇಷ್ಟೇನಾ ಎಂದು ಉಸಿರು ಬಿಟ್ಟೆ.

ಟೈಪಾದ ಹೇಳಿಕೆ ನನ್ನ ಮುಂದೆ ಬಂತು. "ಬೆರಳು ಇಟ್ಟೀನಲ್ರಿ, ಅಲ್ಲಿ ಸಹಿ ಮಾಡ್ರಿ," ಎಂದ ಕಾರಕೂನ. ಚೀಲದಲ್ಲಿ ಪೆನ್ನು ತಡಕಾಡುತ್ತಿದ್ದೆ. "ಘ್ಯಾ ತಾಈ," ತಗೊಳ್ಳಿ ಅಕ್ಕ ಎನ್ನುತ್ತ ಎದುರಿನ ವಕೀಲರು ತಮ್ಮ ಪೆನ್ನು ಚಾಚಿದರು. ಬೆಳಿಗ್ಗೆ ನನ್ನ ನಮಸ್ಕಾರಕ್ಕೆ ಮುಖ ತಿರುವಿದ್ದ ಮನುಷ್ಯ. ಪೆನ್ನು ಇಸಿದುಕೊಂಡೆ, ಆದರೆ ಕಾಗದದ ಮೊದಲ ಸಾಲಿಗೆ ಹೋದೆ.

ಕೊನೆಯಿಂದ ಮೂರನೆಯ ಸಾಲಿನಲ್ಲಿ ನಿಂತೆ. ಮರಾಠಿಯಲ್ಲಿ ಅನುಮಾನ ಅಂದರೆ ಕಂಡದ್ದರಿಂದ ಕಟ್ಟಿದ ತೀರ್ಮಾನ. ನಮ್ಮ ಮನೆಯ ಕನ್ನಡದಲ್ಲಿ ಅದು ಸಂಶಯ. ನಾನು ಮರಾಠಿಯ ನಡುವೆ ಅದೇ ಶಬ್ದ ಹಾಕಿ, ಸಂಶಯವೇ ಇರಲಿಲ್ಲ ಎಂದಿದ್ದೆ. ಆಯಿಗೆ ತಿಳಿಯುತ್ತಿತ್ತೋ ಇಲ್ಲವೋ ಎಂದು ಸಾಕ್ಷಿಗೆ ತೀರ್ಮಾನಿಸಲು ಆಗಲಿಲ್ಲ ಎಂದು ಕಾಗದದಲ್ಲಿತ್ತು. ಪರೀಕ್ಷೆಯಲ್ಲಾದರೆ ಆ ಶಬ್ದದ ಅರ್ಥ ಸರಿಯಾಗಿಯೇ ಬರೆಯುತ್ತಿದ್ದೆ. ಅಂಜಿದ ಬಾಯಿಗೆ ಮನೆಯ ಮಾತೇ ಬಂದಿತ್ತು.

"ಸಾಹೇಬರ, ಇದು ನಾ ಹೇಳಿದ್ದಲ್ಲರಿ," ಎಂದೆ. ಅದೂ ಕನ್ನಡದಲ್ಲೇ ಬಂತು. ಆಮೇಲೆ ಮರಾಠಿಯಲ್ಲಿ ವಿವರಿಸಿದೆ. ಸಾಕ್ಷಿ ಮಾತು ತಿರುವುತ್ತಿದ್ದಾರೆ ಎಂದು ಎದುರಿನ ವಕೀಲರು ತಕರಾರು ಎತ್ತಿದರು. ನ್ಯಾಯಾಧೀಶರು ಕೊಂಕಣದ ಕಡೆಯವರು. ಕನ್ನಡ ಯಾರಿಗೆ ಬರುತ್ತದೆ ಎಂದು ಕೇಳಿ, ಕಾರಕೂನನ ಕಡೆಗೇ ನೋಡಿದರು. ಅವನು ನಮ್ಮ ಊರ ಹತ್ತಿರದ ನಾಗಣಸೂರಿನವನು.

"ಖರೆ ಐತ್ರಿ," ಎಂದು ನನಗೆ ಮೆಲ್ಲಗೆ ಹೇಳಿ, ಅವರಿಗೆ ಮರಾಠಿಯಲ್ಲಿ ಹೇಳಿದ: ನಮ್ಮ ಕಡೆ ಅನುಮಾನ ಅಂದರೆ ಶಂಕಾ, ಸಾಹೇಬ.

ನ್ಯಾಯಾಧೀಶರು ನನ್ನ ವಿವರಣೆಯನ್ನು ಕೆಳಗೆ ಸೇರಿಸಿ ಬರೆಸಿ, ಈಗ ಪ್ರಶ್ನೆ ಇದ್ದರೆ ಕೇಳಬಹುದು ಎಂದರು. ಆ ವಕೀಲರು ಪೆನ್ನು ವಾಪಸ್ ತೆಗೆದುಕೊಂಡು ಪಾಟೀಸವಾಲು ಶುರು ಮಾಡಿದರು. ಸಹಿ ಮಾಡುವಾಗ ಮುದುಕಿಯ ಕೈ ನಡುಗುತ್ತಿತ್ತೇ? ನಡುಗುತ್ತಿತ್ತು. ಮುದುಕಿಗೆ ಮರಾಠಿ ಓದಲು ಬರುತ್ತಿತ್ತೇ? ಇಲ್ಲ. ಹಾಗಾದರೆ ಕಾಗದದಲ್ಲಿ ಏನಿದೆ ಎಂದು ಅವರಿಗೆ ತಿಳಿದಿತ್ತೆಂದು ಯಾವ ಆಧಾರದಿಂದ ಹೇಳುತ್ತೀರಿ?

ಅವರು ಆ ಪ್ರಶ್ನೆ ಕೇಳದಿದ್ದರೆ ನನಗೆ ನೆನಪಾಗುತ್ತಿತ್ತೋ ಇಲ್ಲವೋ. ಮೃತ್ಯುಪತ್ರ ಬರೆದವನು ಅದನ್ನು ಕನ್ನಡದಲ್ಲಿ ಓದಿ ಹೇಳುವಾಗ ಆಯಿ ತಡೆದಿದ್ದರು. "ಲೇ, ಬಾಗಲಾ ಮೂಡಲಕ್ಕೈತಿ. ಬಡಗಲಕ್ಕಂತ ಯಾಕ ಬರದಿ? ಎದ್ದ ಹೋಗಿ ನೋಡಿ ಬಾ." ಅವನು ನಿಜವಾಗಿಯೂ ಎದ್ದು ಹೋಗಿ ನೋಡಿ ಬಂದು, 'ಉತ್ತರ' ಹೊಡೆದು 'ಪೂರ್ವ' ಎಂದು ತಿದ್ದಿದ್ದ. ತಿದ್ದಿದಲ್ಲೂ ಆಯಿ ಸಹಿ ಮಾಡಿದ್ದರು. ನಾನು ಹೇಳಿ ಮುಗಿಸುವ ಮೊದಲೇ ನ್ಯಾಯಾಧೀಶರು ಮೃತ್ಯುಪತ್ರದ ಹಾಳೆ ತಿರುವಿ, ಕನ್ನಡಕ ಮೇಲೇರಿಸಿ ನೋಡಿದರು. ವಕೀಲರು ಕೂತರು.

ತೀರ್ಪು ಕಾಕು ಕಡೆ ಆಯಿತು. ಕಿರಿಯ ಮಗ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಆದರೂ ಸೋಲಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಆ ಮೂರನೆಯ ಸಾಲನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದುತ್ತೇನೆ. ಒಮ್ಮೊಮ್ಮೆ ಅದರ ಕೆಳಗೆ ನನ್ನ ಸಹಿಯೂ ಕಾಣುತ್ತದೆ. ಓಣಿ ತಿರುಗಿ, ಪೂರ್ವದ ಬಾಗಿಲು ತೆರೆದಿರುವುದು ಕಂಡ ಮೇಲೆ ಎದೆ ಹಗುರಾಗುತ್ತದೆ.

ಹೋದ ಸಲ ಕಾಕು ಆಗಷ್ಟೇ ಕುಟ್ಟಿದ ಚಟ್ನಿಯನ್ನು ಚೂರು ನನ್ನ ಅಂಗೈಗೆ ಹಾಕಿ, "ಉಪ್ಪು ಬರೋಬರಿ ಐತೇನು?" ಎಂದರು.

"ಅನುಮಾನನ ಇಲ್ಲ," ಎಂದೆ.

ಕಾಕು ಒರಳು ಒರೆಸುತ್ತ, "ಯಾ ಭಾಷಾದಾಗ?" ಎಂದರು.