ಅಪ್ಪ ಮುಂದೂಡಿದ ಸಮುದ್ರ

ಜೇವರ್ಗಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕ ಮೊದಲ ವರ್ಷಗಳಲ್ಲಿ, ಕಲಬುರಗಿಯಲ್ಲೊಂದು ಪ್ಲಾಟ್ ಕೊಳ್ಳಬೇಕೆಂದು ಸಂಬಳದ ಬಹುಪಾಲನ್ನು ಕೂಡಿಡುತ್ತಿದ್ದೆ. ಗೆಳತಿಯರು ಸಿನಿಮಾಕ್ಕೆ ಕರೆದರೆ ಡ್ಯೂಟಿ ಇದೆ ಎನ್ನುತ್ತಿದ್ದೆ. ಹಬ್ಬಕ್ಕೂ ಹೊಸ ಸೀರೆ ತೆಗೆದುಕೊಳ್ಳುತ್ತಿರಲಿಲ್ಲ.

ಅಪ್ಪ ಅತನೂರಿನ ಗೌಂಡಿ. ಹರೆಯದಲ್ಲಿ ಮುಂಬೈಗೆ ದುಡಿಯಲು ಹೋಗಿ, ಆ ಗಳಿಕೆಯಲ್ಲಿ ಊರಲ್ಲೊಂದು ಮನೆ ಕಟ್ಟಿಸಿದವನು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಒಂದು ಮಧ್ಯಾಹ್ನ ಅಪ್ಪ ನನ್ನ ಬಾಡಿಗೆ ಕೋಣೆಗೆ ಬಂದು ಉಣ್ಣುತ್ತಿದ್ದಾಗ ಗೆಳತಿಯ ಫೋನ್ ಬಂತು. ಆಸ್ಪತ್ರೆಯ ಕೆಲವರು ಗೋಕರ್ಣಕ್ಕೆ ಹೊರಟಿದ್ದರು. ಪ್ಲಾಟ್ ಆಗಲಿ, ಆಮೇಲೆ ನೋಡೋಣ ಎಂದು ಫೋನ್ ಇಟ್ಟೆ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಮುಂಬೈದಾಗ ನಾನೂ ಹಿಂಗೇ ಅಂತಿದ್ದೆ," ಎಂದ. "ಐತವಾರ ಎಲ್ಲಾರೂ ಸಮುದ್ರ ನೋಡಾಕ ಹೋಗೋರು. ನಾನು ಅವತ್ತೂ ಕೆಲಸ ಹಿಡೀತಿದ್ದೆ. ಮನಿ ಆಗಲಿ, ಆಮ್ಯಾಲ ನಿಮ್ಮವ್ವನ್ನ ಕರಕೊಂಡು ಬಂದು ನೋಡಿದ್ರಾತು ಅಂತ."

"ಮತ್ತ ನೋಡೇ ಇಲ್ಲೇನಪ್ಪ?"

"ಎಲ್ಲೀದು. ಮನಿ ಮುಗಿಯೂದ್ರಾಗ ಆಕಿ ಹೋದ್ಲು."

ಅವನ ದನಿಯಲ್ಲಿ ನನಗೆ ಬುದ್ಧಿ ಹೇಳುವ ಧಾಟಿ ಇರಲಿಲ್ಲ. ಮತ್ತೆ ಉಣ್ಣತೊಡಗಿದ.

ಮುಂದಿನ ತಿಂಗಳು ರಜೆ ಹಾಕಿ ಅಪ್ಪನನ್ನು ಮುಂಬೈಗೆ ಕರೆದೊಯ್ದೆ. "ಸುಮ್ನ ಯಾಕ ಖರ್ಚು, ಯವ್ವಾ," ಎಂದು ರೈಲು ಹತ್ತುವ ತನಕ ಗೊಣಗಿದ. ಅಲ್ಲಿಳಿದ ಮೇಲೆ, ಮೊದಲು ತಾನು ದುಡಿದ ಕಟ್ಟಡ ನೋಡಬೇಕೆಂದ. ಕೇಳುತ್ತ ಕೇಳುತ್ತ ಹುಡುಕಿದೆವು. ಕಾವಲುಗಾರ ಒಳಗೆ ಬಿಡಲಿಲ್ಲ. ಅಪ್ಪ ರಸ್ತೆಯಾಚೆ ನಿಂತು ತಲೆಯೆತ್ತಿ ಗೋಡೆಯ ಗಾರೆ ನೋಡಿದ. "ಗಿಲಾವ್ ಇನ್ನೂ ಛಲೋ ಅದ," ಎಂದ.

ಸಂಜೆ ಸಮುದ್ರದ ದಂಡೆಯಲ್ಲಿ ಧೋತರ ಮೊಣಕಾಲಿನವರೆಗೆ ಎತ್ತಿಕೊಂಡು ನೀರಿಗಿಳಿದ. ತೆರೆ ಕಾಲಡಿಯ ಮರಳನ್ನು ಎಳೆದುಕೊಂಡಾಗ ಬೆದರಿ ನನ್ನ ಕೈ ಹಿಡಿದ, ಹಿಡಿದವನು ಬಿಡಲಿಲ್ಲ.

"ಆಕಿ ನೀರಂದ್ರ ಅಂಜತಿದ್ಲು," ಎಂದ. ಮುಖ ಆಚೆ ತಿರುಗಿಸಿದ.

ಪ್ಲಾಟ್ ಕೊಳ್ಳುವುದು ಅಂದುಕೊಂಡದ್ದಕ್ಕಿಂತ ತಡವಾಯಿತು. ಸಂಬಳದಲ್ಲಿ ಈಗಲೂ ಉಳಿಸುತ್ತೇನೆ. ಆದರೆ ವರ್ಷಕ್ಕೊಮ್ಮೆ ಅಪ್ಪನಿಗೆ ಫೋನ್ ಮಾಡಿ, ಈ ಸಲ ಎಲ್ಲಿಗೆ ಹೋಗೋಣ ಎಂದು ಕೇಳುತ್ತೇನೆ. ಎಲ್ಲಿಗೂ ಬೇಡ ಎನ್ನುತ್ತಾನೆ. ಮರುದಿನ ಬಸ್ಸಿಳಿದು ಬಂದಾಗ ಅವನ ಕೈಯಲ್ಲಿ ಬಟ್ಟೆ ತುಂಬಿದ ಚೀಲ ಇರುತ್ತದೆ.